ತಿಳಿಯಾದ ಬಾಟಲಿ

ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲು ತೆಗೆದ ಹೊಟ್ಟೆರಾಯ ಹೊಸ್ತಿಲಲ್ಲೇ ನಿಂತುಬಿಟ್ಟ. ನಿನ್ನೆ ಅಕ್ಕಿ ತೊಳೆದ ನೀರಿನಂತೆ ಕದಡಿಕೊಂಡಿದ್ದ ಬಾಟಲಿ ಇವತ್ತು ಕನ್ನಡಿಯಂತೆ ತಿಳಿಯಾಗಿ ಕೂತಿತ್ತು.

ಹೊಟ್ಟೆರಾಯ ಎಂಬುದು ಅಡ್ಡಹೆಸರು. ದನಗಳ ಪ್ರಯೋಗಶಾಲೆಯಲ್ಲಿ ಒಂದು ಹಸುವಿನ ಪಕ್ಕೆಗೆ ಮುಚ್ಚಳವಿರುವ ಕಿಂಡಿ ಕೂರಿಸಿದ್ದರು. ಅದರೊಳಗೆ ಮೊಣಕೈವರೆಗೂ ಕೈಯಿಳಿಸಿ, ಅರೆಬರೆ ಜೀರ್ಣವಾದ ಮೇವಿನ ರಸ ಹಿಂಡಿ ತರುವುದು ಅವನ ಕೆಲಸ. ಆ ನಾತ ಯಾವ ಸೋಪಿಗೂ ಜಗ್ಗುವಂಥದ್ದಲ್ಲ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ. ಹೆಂಡತಿಯಂತೂ ಊಟವನ್ನು ಜಗಲಿಗೇ ತಂದಿಟ್ಟು ಒಳಗೋಡುತ್ತಿದ್ದಳು.

ಹಸುವಿನ ಹೊಟ್ಟೆಯ ಕ್ರಿಮಿ ಬೆಳೆಸಿದ್ದ ಬಾಟಲಿಗೆ ಅವನು ತಂದ ರಸದ ನಾಲ್ಕು ಹನಿ ಬಿಟ್ಟು, ಪ್ರಯೋಗಶಾಲೆಯ ಡಾಕ್ಟರಮ್ಮ ನಿನ್ನೆ ಹೇಳಿಹೋಗಿದ್ದರು: “ನಾಳೆ ದೊಡ್ಡೋರನ್ನ ಕರ್ಕೊಂಡು ಬರ್ತೀನಿ. ಈ ಬಾಟ್ಲಿ ಜೋಪಾನ. ಎಲ್ಲ ಸರಿಹೋದ್ರೆ ನಿಮ್ಮನ್ನ ಗೇಟಿನ ಕುರ್ಚಿಗೆ ಹಾಕಿಸ್ತೀನಿ.”

ಗೇಟಿನ ಕುರ್ಚಿಯೆಂದರೆ ನಾತವಿಲ್ಲದ ಕಾವಲು ಕೆಲಸ, ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ಕೂತು ಉಣ್ಣುವ ಯೋಗ!

“ಒಳಗಿದ್ದ ಕ್ರಿಮಿಗಳೆಲ್ಲ ಸತ್ತೋದ್ವು ಕಣೋ!” ಎಂದು ಪ್ರಯೋಗಶಾಲೆಯ ಜೀಪು ಓಡಿಸುವ ಡ್ರೈವರಣ್ಣ ಇಣುಕಿ ನೋಡಿ ತೀರ್ಪು ಕೊಟ್ಟ. “ಸುಮ್ನೆ ಹಾಲು ಬೆರೆಸಿಬಿಡು, ಯಾರಿಗೆ ಗೊತ್ತಾಗತ್ತೆ?”

ಹಾಲಿಗೆ ಜಾಗ ಬೇಕಲ್ಲ, ಹೊಟ್ಟೆರಾಯ ಬಾಟಲಿಯ ಅರ್ಧ ನೀರನ್ನು ಒಂದು ಖಾಲಿ ಸೀಸೆಗೆ ಬಗ್ಗಿಸಿಟ್ಟ. ಬಡವನ ಕೈ, ಚೆಲ್ಲಲು ಬರಲಿಲ್ಲ. ಹಾಲು ಬಿದ್ದದ್ದೇ ಬಾಟಲಿ ಸುಣ್ಣ ಹೊಡೆದ ಗೋಡೆಯಾಯಿತು.

“ನಿನ್ ಬುದ್ಧಿಗಿಷ್ಟು!” ಎಂದು ಕಸ ಗುಡಿಸುವ ಅಕ್ಕ ಪೊರಕೆ ಬಿಸುಟು ಬಂದಳು. “ಚಿಟಿಕೆ ಬೂಸಾ ಹಾಕು.”

ಬೂಸಾ ತೇಲಿತು. ಡ್ರೈವರಣ್ಣನ ಕರವಸ್ತ್ರದಲ್ಲಿ ಸೋಸಿದರು. ಏನಾಶ್ಚರ್ಯ, ನಿನ್ನೆಯದೇ ಬಣ್ಣ! ಮೂವರೂ ಕೋಟೆ ಗೆದ್ದವರಂತೆ ಎದೆಯುಬ್ಬಿಸಿ ನಿಂತರು.

ಮಧ್ಯಾಹ್ನ ದೊಡ್ಡವರೊಂದಿಗೆ ಬಂದ ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದರು. ಮುಖ ಬಾಡಿತು.

“ಇನ್ನೂ ಕದಡ್ಕೊಂಡೇ ಇದೆ. ಹಸು ಹೊಟ್ಟೇಲಿ ಹುಲ್ಲು ಕರಗಿಸೋ ಬ್ಯಾಕ್ಟೀರಿಯಾ ಇರುತ್ವೆ. ಅವನ್ನೇ ಬೇಟೆಯಾಡೋ ವೈರಸ್ಸೂ ಅಲ್ಲೇ ಇರುತ್ತೆ. ಅದು ಸಿಕ್ಕಿದ್ರೆ ಬ್ಯಾಕ್ಟೀರಿಯಾ ಎಲ್ಲ ಒಡೆದು ನೀರು ತಿಳಿಯಾಗ್ತಿತ್ತು. ಈ ಸಲಾನೂ ಸಿಗ್ಲಿಲ್ಲ.”

ಡ್ರೈವರಣ್ಣ ಸೂರು ನೋಡಿದ. ಅಕ್ಕ ಗುಡಿಸಿದ ನೆಲವನ್ನೇ ಮತ್ತೆ ಗುಡಿಸತೊಡಗಿದಳು. ಹೊಟ್ಟೆರಾಯ ಓಡಿಹೋಗಿ ಸೀಸೆ ತಂದ.

“ಅಮ್ಮಾವ್ರೇ, ನಿಮ್ಮ ವೈರಸ್ಸು ಇದ್ರಲ್ಲಿದೆ. ಅದ್ರಲ್ಲಿರೋದು ಹಾಲು, ಬೂಸಾ, ಡ್ರೈವರಣ್ಣನ ಬೆವರು.”

ಡಾಕ್ಟರಮ್ಮ ಸೀಸೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ನಕ್ಕರು. ದೊಡ್ಡವರು ಚಪ್ಪಾಳೆ ತಟ್ಟಿದರು. ಹೊಟ್ಟೆರಾಯನನ್ನು ನಡುವೆ ನಿಲ್ಲಿಸಿ, ಎಲ್ಲರೂ ಮಾರು ದೂರ ನಿಂತು, ಫೋಟೋ ತೆಗೆಸಿಕೊಂಡರು.

“ಅಮ್ಮಾವ್ರೇ, ಆ ಗೇಟಿನ ಕುರ್ಚಿ...”

“ಗೇಟಾ? ಎಷ್ಟೋ ಜನ ಕೈ ಹಾಕಿದ್ರೂ ಸಿಗದಿದ್ದದ್ದು ನಿಮ್ಮ ಕೈಗೆ ಸಿಕ್ಕಿದೆ. ಇಂಥ ಕೈಗುಣ ಬಿಟ್ಕೊಡ್ತೀನಾ? ಇನ್ನೂ ನಾಲ್ಕು ಹಸುಗಳಿಗೆ ಕಿಂಡಿ ಇಡಿಸ್ತೀನಿ. ಎಲ್ಲಾ ನಿಮ್ಗೇ!”

ಸಂಜೆ ಬೀದಿಗೆ ಬೀದಿಯೇ ಬಂದು ಹೊಗಳಿತು. ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. “ನಮ್ಮೆಜಮಾನ್ರು, ನಮ್ಮೆಜಮಾನ್ರು” ಎಂದು ಬೀಗುತ್ತ, ಹೊಸ ತಟ್ಟೆ ತೆಗೆದು ಕೈತುಂಬ ಬಡಿಸಿದಳು.

“ಇನ್ನೊಂಚೂರು ಹಾಕ್ಲಾ, ರೀ?” ಎಂದು ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದಳು, ಮೂಗಿಗೆ ಸೆರಗು ಒತ್ತಿಕೊಂಡು, ಕಿಟಕಿಯೊಳಗಿಂದ.