ಎಳೆ ನಕ್ಷತ್ರಕ್ಕೆ ಕೊಬ್ಬರಿ ಕೇಂದ್ರದ ಮೊಹರು

ತಾಲ್ಲೂಕಿನಲ್ಲಿ ನಡೆಯುವ ಯಾವುದೇ ಅವಕೆಂಪು ಕಿರಣದ ಪರೀಕ್ಷೆಗೆ, ಪರೀಕ್ಷಿಸಿದ ವಸ್ತು ಭೂಮಿಯ ಮೇಲಿರಲಿ ಇಲ್ಲದಿರಲಿ, ಕಿಬ್ಬನಹಳ್ಳಿಯ ಕೊಬ್ಬರಿ ಗುಣಮಟ್ಟ ಕೇಂದ್ರದ ಮೊಹರು ಕಡ್ಡಾಯ. ಏಕೆಂದರೆ ತಾಲ್ಲೂಕಿಗಿರುವ ಒಂದೇ ಒಂದು ಅವಕೆಂಪು ಯಂತ್ರ ಅಲ್ಲಿದೆ. ಬಂದ ದಿನವೇ ಪೂಜೆ ಮಾಡಿಸಿಕೊಂಡು ಅದು ಇಂದಿಗೂ ಪೆಟ್ಟಿಗೆಯೊಳಗೆ ಸುರಕ್ಷಿತವಾಗಿದೆ.

ತಿಪಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ನಿರ್ಮಲಾ ಮೇಡಂಗೆ ಈ ನಿಯಮ ಗೊತ್ತಾದದ್ದು ಶುಕ್ರವಾರ ಸಂಜೆ. ಶನಿವಾರ ಐದು ಗಂಟೆಯೊಳಗೆ ವಿದ್ಯಾರ್ಥಿನಿ ಇಂಪನಾಳ ವರದಿ ಜಿಲ್ಲಾ ವಿಜ್ಞಾನ ಸಮಾವೇಶಕ್ಕೆ ತಲುಪಬೇಕಿತ್ತು. ಬಾಹ್ಯಾಕಾಶದ ದೂರದರ್ಶಕ ಹಿಡಿದ ಅವಕೆಂಪು ಬೆಳಕಿನ ದಾಖಲೆ ಇಳಿಸಿಕೊಂಡು, ಆರು ತಿಂಗಳು ಕಣ್ಣು ನೋಯಿಸಿಕೊಂಡು, ಎಳೆಯ ನಕ್ಷತ್ರವೊಂದರ ಸುತ್ತಲ ದೂಳಿನಲ್ಲಿ ಬೆಂಜೀನ್, ಅಸಿಟಿಲೀನ್ ಎಂಬ ಸಾವಯವ ಅಣುಗಳ ಗುರುತನ್ನು ಆ ಹುಡುಗಿ ಪತ್ತೆ ಮಾಡಿದ್ದಳು. ಮೇಡಂಗೆ ಹೆಮ್ಮೆಯೋ ಹೆಮ್ಮೆ. ವರದಿ, ಪೆನ್‌ಡ್ರೈವ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮರುದಿನ ಮೊದಲ ಬಸ್ಸಿಗೇ ಹೊರಟರು.

ಕೇಂದ್ರದ ಅಧಿಕಾರಿ ದಯಾನಂದ್ ಸಜ್ಜನರು. ಕುರ್ಚಿ ಕೊಟ್ಟು ಕೇಳಿದರು: "ಸ್ಯಾಂಪಲ್ ತಂದಿದ್ದೀರಾ ಮೇಡಂ?"

"ನಕ್ಷತ್ರ ನಾನೂರು ಜ್ಯೋತಿರ್ವರ್ಷ ದೂರ ಇದೆ ಸಾರ್. ಅದರ ಬೆಳಕು ಈ ಪೆನ್‌ಡ್ರೈವಲ್ಲಿದೆ."

"ಹಂಗಾದ್ರೆ ಇದೇ ಸ್ಯಾಂಪಲ್ಲು ಬುಡಿ. ಲಕ್ಷ್ಮಯ್ಯ, ವಸಿ ನೋಡಪ್ಪ."

"ಯಂತ್ರ ತೆಗೆಯೋದಿಲ್ವಾ?"

"ಯಂತ್ರ ಏನೇ ಹೇಳ್ಲಿ, ಕಿವಿ ಒಪ್ಬೇಕು ಕಣ್ರೀ. ಅದಕ್ಕೇ ಮೊದ್ಲು ಕಿವೀನೇ ಕೇಳ್ಬುಡ್ತೀವಿ."

ಲಕ್ಷ್ಮಯ್ಯ ಮೂವತ್ತು ವರ್ಷದಿಂದ ಅಟ್ಟದಿಂದಿಳಿಸಿದ ಕಾಯಿಯನ್ನು ಕಿವಿಯ ಬಳಿ ಕುಲುಕಿ ನೋಡುವವರು. ಒಳಗೆ ಕೊಬ್ಬರಿ ಗಡಗಡ ಅಂದರೆ ಪಾಸು, ಅನ್ನದಿದ್ದರೆ ಎಳಸು. ಅವರು ಕಣ್ಣು ಮುಚ್ಚಿ ಪೆನ್‌ಡ್ರೈವನ್ನು ಮೂರು ಸಲ ಕುಲುಕಿದರು.

"ಸದ್ದೇ ಇಲ್ಲ ಸಾ. ಇನ್ನೂ ಎಳಸು."

ದಯಾನಂದ್ ವರದಿ ತೆರೆದರು. ಮೊದಲ ಸಾಲಿನಲ್ಲೇ 'ಎಳೆಯ ನಕ್ಷತ್ರ' ಎಂದಿತ್ತು. "ನೋಡಿದ್ರಾ, ಟ್ಯಾಲಿ ಆಯ್ತು!" ಮೇಡಂಗೆ ಹೋದ ಜೀವ ಬಂದಂತಾಯಿತು.

ನಾಲ್ಕನೆಯ ಪುಟಕ್ಕೆ ಬಂದಾಗ ಅಧಿಕಾರಿಯ ಹುಬ್ಬು ಗಂಟಿಕ್ಕಿತು. "ಈ ಬೆಂಜೀನು ಗಿಂಜೀನು ಎಲ್ಲಾ ಕೊಬ್ಬರೀನಾ?"

"ಅಲ್ಲ ಸಾರ್. ಹುಡುಗಿ ಕಂಡುಹಿಡಿದಿರೋದೇ ಅವನ್ನ."

"ಕೊಬ್ಬರಿ ಅಲ್ಲದ್ದೆಲ್ಲ ಅನ್ಯ ಪದಾರ್ಥ ಮೇಡಂ. ನಿಯಮ ಏಳು. ನೂರಕ್ಕೊಂದು ಭಾಗ ಮೀರಂಗಿಲ್ಲ. ಆರಿಸಿ ತೆಗೆದ್ರೆ ಈಗ್ಲೇ ಮೊಹರು ಹಾಕ್ತೀನಿ."

ಮೇಡಂ ವಾದಿಸಿದರು, ಗೋಗರೆದರು, ಗಡಿಯಾರ ನೋಡಿದರು. ಕೊನೆಗೆ ನಾಲ್ಕರಿಂದ ಹದಿನೆಂಟರವರೆಗಿನ ಪುಟಗಳನ್ನು ತಮ್ಮ ಕೈಯಾರೆ ಕಿತ್ತರು. ಮೊಹರು ಮಾತ್ರ ಸ್ಪಷ್ಟವಾಗಿ ಬಿತ್ತು.

ಸಮಾವೇಶದಲ್ಲಿ ಇಂಪನಾಳ ಮೂರು ಪುಟಕ್ಕೆ ಮೊದಲ ಬಹುಮಾನ ಬಂತು. 'ಅನ್ಯ ಪದಾರ್ಥಗಳಿಲ್ಲದ ಸ್ವಚ್ಛ ಸಂಶೋಧನೆ' ಎಂದು ತೀರ್ಪುಗಾರರು ಮೆಚ್ಚಿ ಬರೆದರು. ಮೊಹರಿಲ್ಲದ ಉಳಿದ ವರದಿಗಳೆಲ್ಲ ವಾಪಸಾದವು.

ಈ ವರ್ಷ ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರೂ ಪೆನ್‌ಡ್ರೈವ್ ಹಿಡಿದು ಕೇಂದ್ರದ ಮುಂದೆ ಸಾಲು ನಿಂತಿದ್ದಾರೆ. ನಿರ್ಮಲಾ ಮೇಡಂ ತಮ್ಮದನ್ನು ಮನೆಯಲ್ಲೇ ಒಮ್ಮೆ ಕುಲುಕಿ ನೋಡಿಕೊಂಡು ಬಂದಿದ್ದಾರೆ. ಆದರೂ ಸಾಲಿನ ಉದ್ದ ಕಂಡು ಅವರಿಗೆ ಚಿಂತೆ.

"ಹೆದರ್ಬೇಡಿ ಮೇಡಂ, ಬೇಗ ಆಗುತ್ತೆ," ಎಂದಳು ಇಂಪನಾ. "ಈ ಸಲ ನಾನು ಏನೂ ಕಂಡುಹಿಡಿದಿಲ್ಲ."