ಅತ್ತೆಯ ಹೊಲದಲ್ಲೊಂದು ಕ್ಯಾಂಪು

ಸ್ವಪ್ನಾ: ಇಷ್ಟುದ್ದ ಹಗ್ಗ ಯಾಕ್ರಿ? ಬಾವ್ಯಾಗ ಬಿದ್ದೋರನ್ನ ಎತ್ತಾಕ ಹೊಂಟೀವೇನು?

ನಾನು: ಅದು ಹಗ್ಗ ಅಲ್ಲ, ಟೆಂಟಿನ ಹುರಿ. ಗಾಳಿಗೆ ಹಾರಬಾರದು ಅಂತ ನಾಕೂ ಕಡಿ ಕಟ್ಟಾದು.

ಸ್ವಪ್ನಾ: ಮತ್ತ ಈ ಹಣಿಗೆ ಕಟ್ಟೋ ಬ್ಯಾಟ್ರಿ? ಮುಂಜಾನಿ ಹೋಗಿ ಸಂಜಿಗೆ ಬರೋರಿಗೆ ಅದ್ಯಾಕ?

ನಾನು: ಸೆಟ್ಟಿನಾಗ ಬಂದದ.

ಸ್ವಪ್ನಾ: ದಿಕ್ಕು ತೋರ್ಸೋ ಮುಳ್ಳು?

ನಾನು: ಅದೂ ಸೆಟ್ಟಿನಾಗ ಬಂದದ.

ಸ್ವಪ್ನಾ: ನಮ್ಮವ್ವನ ಹೊಲದಾಗ ದಿಕ್ಕು ತಪ್ಪಿದ್ರ ‘ಅತ್ತೀ’ ಅಂತ ಒಂದು ಸಲ ಒದರ್ರಿ. ಆಕಿ ‘ಓ’ ಅಂದದ್ದು ಗಬ್ಬೂರಿನಿಂದ ದೇವದುರ್ಗಕ್ಕ ಕೇಳ್ತದ.

ರಾಯಚೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೆಂಟು, ಮಲಗುವ ಚೀಲ, ಅಂಗೈಯಗಲದ ಗ್ಯಾಸ್ ಒಲೆ, ಕೂಸನ್ನು ಬೆನ್ನಿಗೆ ಹೊರುವ ಬ್ಯಾಗು, ಗುಡ್ಡ ಹತ್ತುವ ಬೂಟು. ಗುಡ್ಡ ಹತ್ತುವ ಮನುಷ್ಯ ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ನಾನು ಬಸವಲಿಂಗ, ಯರಗೇರಾದ ಕಾಲೇಜಿನಲ್ಲಿ ಗುಮಾಸ್ತ. ನನ್ನ ಜೀವನದ ದೊಡ್ಡ ಸಾಹಸವೆಂದರೆ ದಿನಾ ಬೆಳಿಗ್ಗೆ ಯರಗೇರಾ ಬಸ್ಸಿನಲ್ಲಿ ಸೀಟು ಹಿಡಿಯುವುದು. ಹೆಂಡತಿ ಸ್ವಪ್ನಾ ಆಸ್ಪತ್ರೆಯೊಂದರಲ್ಲಿ ನರ್ಸು. ಏಳು ವರ್ಷದ ಕಾವ್ಯಾ, ಎರಡೂವರೆ ವರ್ಷದ ಚಿನ್ನಿ ನಮ್ಮ ಮಕ್ಕಳು.

ಮಕ್ಕಳನ್ನು ಕಟ್ಟಿಕೊಂಡು ಕಾಡು ಮೇಡು ತಿರುಗುವ ಅಪ್ಪಂದಿರ ವಿಡಿಯೋಗಳನ್ನು ಎರಡು ವರ್ಷದಿಂದ ನೋಡುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಹುಡುಗಿಗೆ ಕಾವ್ಯಾ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ನಮ್ಮ ಪಪ್ಪಾ ದಿನಾ ಗುಡ್ಡ ಹತ್ತತಾನ. ಸೋಫಾದ ಮ್ಯಾಲ ಮಲ್ಕೊಂಡು.’

ಆ ಮಾತು ನನ್ನನ್ನು ನಿಜಕ್ಕೂ ನೋಯಿಸಿತು. ಅಂದೇ ಮಗಳಿಗೆ ಮಾತು ಕೊಟ್ಟೆ, ಬರುವ ಭಾನುವಾರವೇ ಹೊರಡುವುದೆಂದು. ಆ ಭಾನುವಾರ ಟೆಂಟು ಬಂದಿರಲಿಲ್ಲ. ಮುಂದಿನ ಭಾನುವಾರ ಗೂಟಗಳು ಬಂದಿರಲಿಲ್ಲ. ಅದರ ಮುಂದಿನ ಭಾನುವಾರ ಬೂಟು ಬಂತು, ಎರಡೂ ಎಡಗಾಲಿನವು. ಇದು ನಾಲ್ಕನೆಯ ಭಾನುವಾರ. ಇದೂ ತಪ್ಪಿದರೆ ಮಗಳು ನನ್ನ ಮಾತು ನಂಬುವುದನ್ನೇ ಬಿಡುತ್ತಾಳೆ ಎಂಬ ಭಯ ನನಗಿತ್ತು. ಅದಕ್ಕೇ ಹಿಂದಿನ ಗುರುವಾರವೇ ಗಬ್ಬೂರಿಗೆ, ಅತ್ತೆ ಸೂಗಮ್ಮನವರಿಗೆ ಫೋನು ಹಚ್ಚಿದ್ದೆ.

ಸೂಗಮ್ಮ: ಕ್ಯಾಂಪಿಗಾ? ಯಾವ ಕ್ಯಾಂಪಿಗೆ ಹೊಂಟೀರಿ? ಪೋತ್ನಾಳದ ಕಡಿ ಕ್ಯಾಂಪಿಗೇನು? ಅಲ್ಲಿ ನಮ್ಮೋರು ಯಾರದಾರ?

ಕಾಲುವೆ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು, ಭತ್ತ ಬೆಳೆದು ನೆಲೆ ನಿಂತವರ ಊರುಗಳಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಅತ್ತೆಯ ತಪ್ಪನ್ನು ತಕ್ಷಣ ತಿದ್ದಿದೆ. ತಿದ್ದದೇ ಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು: ಆ ಕ್ಯಾಂಪ್ ಅಲ್ಲ ಅತ್ತಿ. ನಿಮ್ಮ ಹೊಲದಾಗ ಕ್ಯಾಂಪ್ ಹಾಕಾಕ ಬರಾಕತ್ತೀವಿ, ಐತಾರ.

ಸೂಗಮ್ಮ: ನಮ್ಮ ಹೊಲದಾಗ? ಸರ್ಕಾರದ್ದೇನ್ರಿ?

ನಾನು: ಸರ್ಕಾರದ್ದು ಯಾಕ? ನಮ್ಮ ಸ್ವಂತದ್ದು. ಟೆಂಟು ಗಿಂಟು, ಎಲ್ಲಾ ಸಾಮಾನು ನಾವ ತರ್ತೀವಿ.

ಸೂಗಮ್ಮ: ಸ್ವಪ್ನಾ ಇರ್ತಾಳಲ್ಲ?

ನಾನು: ಆಕಿ ಇಲ್ದ ಕ್ಯಾಂಪ್ ಹೆಂಗ ಆಗ್ತದ ಅತ್ತಿ!

ಸೂಗಮ್ಮ: ಹಂಗಾರ ನಾಕು ಮಂದಿಗೆ ಹೇಳಲೇನು?

ನಾನು: ಹೇಳ್ರಿ ಹೇಳ್ರಿ. ಬಂದು ನೋಡ್ಲಿ ಎಲ್ಲಾರೂ.

ಸೂಗಮ್ಮ: ಉಂಡು ಬರಾದೋ, ಖಾಲಿ ಹೊಟ್ಟಿಲೆ ಬರಾದೋ?

ನಾನು: ಖಾಲಿ ಹೊಟ್ಟಿಲೆನ ಬರಾದು. ಅಂದ್ರನ ಮಜಾ.

ಸೂಗಮ್ಮ: ನೀವು ಹೆಂಗ ಹೇಳ್ತೀರಿ ಹಂಗ.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆ ನನ್ನ ಮಾತಿಗೆ ಇಷ್ಟು ಸಲೀಸಾಗಿ ಒಪ್ಪಿದ್ದು ಅದೇ ಮೊದಲು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಭಾನುವಾರ ಬೆಳಿಗ್ಗೆ ದೇವದುರ್ಗದ ಬಸ್ಸಿಗೆ ಎರಡು ಮೂಟೆ, ಮೂರು ಚೀಲ, ಬೆನ್ನಿಗೊಂದು ಕೂಸು ಹೊತ್ತು ಹತ್ತಿದೆ.

ಕಂಡಕ್ಟರ್: ಬ್ಯಾಂಜೋ ಸೆಟ್ಟೇನ್ರಿ? ಯಾರ ಮದುವಿ?

ನಾನು: ಮದುವಿ ಅಲ್ರಿ. ಗಬ್ಬೂರಾಗ ಕ್ಯಾಂಪ್ ಅದ.

ಕಂಡಕ್ಟರ್: ಓಹೋ, ನೀವೂ ಅದಕ್ಕನ? ಹಿಂದಿನ ಸೀಟಿನ್ಯಾಗ ಒಬ್ಬರು ಕುಂತಾರ ನೋಡ್ರಿ, ಪೋತ್ನಾಳದಿಂದ ಅದಕ್ಕಂತನ ಬಂದಾರ.

ನಾನು: (ಹೆಂಡತಿಯ ಕಿವಿಯಲ್ಲಿ) ನೋಡಿದೇನು? ಈ ಕಡಿಗೂ ಬಂತು ಕ್ಯಾಂಪಿಂಗ್ ಹುಚ್ಚು. ನೀನೊಬ್ಬಾಕಿನ ಹಿಂದ ಉಳದಿ.

ಸ್ವಪ್ನಾ ಹಿಂದೆ ತಿರುಗಿ ನೋಡಿದಳು. ಎಪ್ಪತ್ತು ದಾಟಿದ ಒಬ್ಬ ಮುದುಕರು ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು.

ಹೊಲ ಮುಟ್ಟುವ ಹೊತ್ತಿಗೆ ಬದಲಿಸಿ ತರಿಸಿದ ನನ್ನ ಹೊಸ ಬೂಟಿಗೆ ಎರೆಮಣ್ಣು ಮೆತ್ತಿ, ಒಂದೊಂದು ಕಾಲೂ ಕಡಪಾಕಲ್ಲು ಕಟ್ಟಿದಷ್ಟು ಭಾರವಾಗಿತ್ತು. ತಲೆಯೆತ್ತಿ ನೋಡಿದರೆ ಜಾಲಿ ಮರದ ಕೆಳಗೆ ಇಪ್ಪತ್ತು ಇಪ್ಪತ್ತೆರಡು ಜನ ಸಾಲಾಗಿ ಕುಳಿತಿದ್ದಾರೆ. ಎಲ್ಲರೂ ವಯಸ್ಸಾದವರು. ಒಬ್ಬಿಬ್ಬರ ಕೈಯಲ್ಲಿ ಹಳೆಯ ಎಕ್ಸ್‌ರೇ.

ಸೂಗಮ್ಮ: ಬಂದ್ರು, ಬಂದ್ರು! ಪಾಳಿ ಹಿಡೀರಿ ಎಲ್ಲಾರೂ. ಅಯ್ಯ, ಅಳಿಯಾರ, ಕೂಸನ್ನ ಯಾಕ ಗೋಣಿಚೀಲದಾಗ ಹಾಕ್ಕೊಂಡು ಬಂದೀರಿ? ಇಳಸ್ರಿ ಮೊದಲ!

ಸ್ವಪ್ನಾ: ಯವ್ವಾ, ಏನಿದು? ಯಾರಿಗೇನಾಗ್ಯದ?

ಸೂಗಮ್ಮ: ಎಲ್ಲಾರಿಗೂ ಒಂದೊಂದು ಆಗ್ಯದ. ಅದಕ್ಕನ ಅಲ್ಲ ನೀವು ಕ್ಯಾಂಪ್ ಹಾಕಾದು?

ಸ್ವಪ್ನಾ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ದೊಡ್ಡ ಸೂಜಿ ಹಿಡಿದಾಗ ಅವಳು ಹೀಗೇ ನೋಡುತ್ತಾಳೆಂದು ಕೇಳಿದ್ದೆ.

ಸ್ವಪ್ನಾ: ಏನು ಹೇಳೀರಿ ನಮ್ಮವ್ವಗ?

ನಾನು: ಕ್ಯಾಂಪ್ ಅಂತ ಹೇಳೀನಿ. ಅದರಾಗ ತಪ್ಪೇನದ?

ತಾಯಪ್ಪ ಎಂಬ ಹಿರಿಯರು ಎದ್ದು ಬಂದರು. ಅತ್ತೆಯ ಹೊಲದಲ್ಲಿ ಮೊದಲಿನಿಂದ ದುಡಿದವರು, ಮೊಣಕಾಲು ಹಿಡಿದುಕೊಂಡೇ ಮಾತಾಡುವವರು.

ತಾಯಪ್ಪ: ನಿನ್ನಿ ರಾತ್ರಿ ಉಂಡದ್ದು ನೋಡ್ರಿ ಅಳಿಯಾರ. ಖಾಲಿ ಹೊಟ್ಟಿಲೆ ಬರ್ರಿ ಅಂತ ಹೇಳಿದ್ರಂತ. ಚಾ ಸೈತ ಕುಡದಿಲ್ಲ. ಶುಗರ್ ಜಲ್ದಿ ನೋಡಿಬಿಡ್ರಿ.

ನಾನು: ಯಪ್ಪಾ, ಇದು ಕ್ಯಾಂಪ್ ಅಲ್ರಿ. ಕ್ಯಾಂಪಿಂಗ್.

ತಾಯಪ್ಪ: ಏನು ಫರಕ್ ಅದ?

ನಾನು: ಕ್ಯಾಂಪಿಗೆ ಡಾಕ್ಟ್ರು ಬರ್ತಾರ. ಕ್ಯಾಂಪಿಂಗ್ ಅಂದ್ರ ನಾವ ಹೊಲಕ್ಕ ಬಂದು, ನೆರಳಿಗೆ ಕುಂತು, ಬುತ್ತಿ ಉಂಡು, ಜರಾ ಅಡ್ಡಾಗಿ, ಸಂಜಿಗೆ ಮನಿಗೆ ಹೋಗಾದು.

ತಾಯಪ್ಪ: ಅದನ್ನ ನಾ ಅರವತ್ತು ವರ್ಷ ಆತು ಮಾಡಾಕತ್ತು. ಅದಕ್ಕೊಂದು ಹೆಸರದ ಅಂತ ಗೊತ್ತಿರಲಿಲ್ಲ ನೋಡ್ರಿ.

ಬಸ್ಸಿನಲ್ಲಿ ಬಂದ ಕಪ್ಪು ಕನ್ನಡಕದವರೂ ಅಷ್ಟರಲ್ಲಿ ಬಂದು ಮುಟ್ಟಿದರು. ಹುಸೇನಪೀರ ಎಂದು ಹೆಸರು. ನನ್ನ ಮಾವ ಇದ್ದಾಗ ಮೆಣಸಿನಕಾಯಿ ವ್ಯಾಪಾರಕ್ಕೆ ಗಬ್ಬೂರಿಗೆ ಬರುತ್ತಿದ್ದರಂತೆ.

ಹುಸೇನಪೀರ: ಸಾಬ್, ಪೋತ್ನಾಳದಿಂದ ಮಾನ್ವಿ, ಮಾನ್ವಿಯಿಂದ ರಾಯಚೂರು, ರಾಯಚೂರಿನಿಂದ ಇಲ್ಲಿಗೆ. ಮೂರು ಬಸ್ ಬದಲಿ ಮಾಡೀನಿ. ಕಣ್ಣು ನೋಡ್ದ ಕಳಿಸಬ್ಯಾಡ್ರಿ.

ಕಾವ್ಯಾ: ಪಪ್ಪಾ, ಟೆಂಟ್ ಯಾವಾಗ ಹಾಕ್ತಿ?

ನಾನು: ಈಗ ಹಾಕ್ತೀನವ್ವಾ, ಈಗಿಂದೀಗ.

ಮನೆಯ ಪಡಸಾಲೆಯಲ್ಲಿ ಟೆಂಟು ಹಾಕುವುದನ್ನು ಆರು ಸಲ ಅಭ್ಯಾಸ ಮಾಡಿದ್ದೆ. ಪಡಸಾಲೆಯಲ್ಲಿ ಗಾಳಿಯಿರಲಿಲ್ಲ, ಗೂಟ ಹೊಡೆಯುವ ಪ್ರಶ್ನೆಯೂ ಇರಲಿಲ್ಲ. ಇಲ್ಲಿ ಒಂದು ಗೂಟ ಹೊಡೆದರೆ ಇನ್ನೊಂದು ಹಸಿ ಮಣ್ಣಿನೊಳಗೆ ಇಳಿದು ಹೋಗುತ್ತಿತ್ತು. ಒಂದು ಕೋಲು ಸಿಡಿದು ನನ್ನ ಗಲ್ಲಕ್ಕೇ ಬಡಿಯಿತು. ಇಪ್ಪತ್ತೆರಡು ಜನ ಹಸಿದುಕೊಂಡು ನೋಡುತ್ತಿದ್ದರು. ಕಡೆಗೆ ತಾಯಪ್ಪನವರೇ ಎದ್ದು, ಮೊಣಕಾಲು ನೋವು ಮರೆತು, ಒಂದು ಹುರಿ ಜಾಲಿ ಮರಕ್ಕೆ, ಇನ್ನೊಂದು ಬಂಡಿಯ ಗಾಲಿಗೆ ಬಿಗಿದು ಎರಡೇ ನಿಮಿಷದಲ್ಲಿ ಟೆಂಟು ನಿಲ್ಲಿಸಿದರು.

ತಾಯಪ್ಪ: ಆತು ನೋಡ್ರಿ. ಇದನ್ನ ಎಲ್ಲಿ ಕಲತ್ರಿ ನೀವು?

ನಾನು: ವಿಡಿಯೋದಾಗ.

ತಾಯಪ್ಪ: ಹೌದಾ! ಕಾಣ್ತದ.

ಟೆಂಟಿನ ಬಾಗಿಲು ತೆಗೆದು, ‘ಬಾರವ್ವಾ ಕಾವ್ಯಾ’ ಎಂದು ಕರೆಯುವಷ್ಟರಲ್ಲಿ ಸ್ವಪ್ನಾ ಸೆರಗು ಸಿಕ್ಕಿಸಿಕೊಂಡು ಅಡ್ಡ ಬಂದಳು.

ಸ್ವಪ್ನಾ: ಜರಾ ಸರೀರಿ. ಹೆಣ್ಮಕ್ಕಳನ್ನ ಬಯಲಾಗ ನೋಡಾಕ ಆಗಂಗಿಲ್ಲ. ಟೆಂಟ್ ನನಗ ಬೇಕು.

ನಾನು: ಅದು ಮಕ್ಕಳಿಗೆ ತಂದದ್ದು!

ಸ್ವಪ್ನಾ: ಹಸದು ಬಂದ ಮಂದಿನ್ನ ಹಂಗ ಕಳಿಸಲೇನು? ಕರದೋರು ಯಾರು? ಅವ್ವನ ಬಿಪಿ ನೋಡಾಕಂತ ಮಷೀನ್ ತಂದೀನಿ. ಅದನ್ನರ ನೋಡ್ತೀನಿ. ಶುಗರಿಗೆ, ಕಣ್ಣಿಗೆ ದವಾಖಾನಿಗೆ ಚೀಟಿ ಬರಕೊಡೋಣ. ನೀವು ಹೊರಗ ಕುಂತು ಹೆಸರು ಬರೀರಿ.

ನಾನು: ನಾ ಇವತ್ತು ಸೂಟಿ ಮ್ಯಾಲ ಇದ್ದೀನಿ.

ಸ್ವಪ್ನಾ: ನಾನೂ ಇದ್ದೆ. ವಯಸ್ಸೂ ಬರೀರಿ.

ವಾರವಿಡೀ ಕಾಲೇಜಿನಲ್ಲಿ ಹೆಸರು ಬರೆಯುವವನು ಭಾನುವಾರ ಹೊಲದಲ್ಲಿ ಕೂತು ಹೆಸರು ಬರೆದೆ. ವಯಸ್ಸು ಕೇಳಿದರೆ ಒಬ್ಬರೂ ಸರಿಯಾಗಿ ಹೇಳಲೊಲ್ಲರು.

ನಾನು: ಆದೆಮ್ಮನವರ, ನಿಮ್ಮ ವಯಸ್ಸು?

ಆದೆಮ್ಮ: ನೀವ ನೋಡಿ ಹಾಕ್ರಿ.

ನಾನು: ಎಪ್ಪತ್ತೈದು?

ಆದೆಮ್ಮ: ಕಣ್ಣಿನ ಕ್ಯಾಂಪಿಗೆ ಮೊದಲ ನೀವು ತೋರಿಸ್ಕೋರಿ.

ಒಳಗೆ ಬಿಪಿ ನೋಡಿಸಿಕೊಂಡವರು ಹೊರಗೆ ಬಂದು ‘ಉಣ್ಣಾಕ ಏನದ?’ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಹುರುಪಿನಿಂದ ಪುಟ್ಟ ಗ್ಯಾಸ್ ಒಲೆ ಹಚ್ಚಿ ನೂಡಲ್ಸ್ ಇಟ್ಟೆ. ಒಂದು ಸಲಕ್ಕೆ ಒಂದು ಬಟ್ಟಲು, ಗಾಳಿಗೆ ಒಲೆ ಆರಿ ಆರಿ ಒಂದು ಬಟ್ಟಲಿಗೆ ಮುಕ್ಕಾಲು ತಾಸು. ಲೆಕ್ಕ ಹಾಕಿದರೆ ಕೊನೆಯವರಿಗೆ ಸೋಮವಾರ ಊಟ ಸಿಗುತ್ತಿತ್ತು. ಅತ್ತೆ ಸದ್ದಿಲ್ಲದೆ ಬುಟ್ಟಿ ಬಿಚ್ಚಿದರು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಎಲ್ಲರೂ ಆ ಕಡೆ ತಿರುಗಿದರು. ನನ್ನ ಒಲೆಯ ಮುಂದೆ ಉಳಿದದ್ದು ನಾನು ಮತ್ತು ಒಂದು ನಾಯಿ. ಸ್ವಲ್ಪ ಹೊತ್ತಿಗೆ ನಾಯಿಯೂ ಹೋಯಿತು.

ಹುಸೇನಪೀರ ಮಾತ್ರ ಊಟದ ಮೇಲೆ ಮಕ್ಕಳಿಗೆಂದು ತಂದ ಮಲಗುವ ಚೀಲದೊಳಗೆ ಸೊಂಟದ ತನಕ ಇಳಿದು, ಒಂದು ತಾಸು ಗೊರಕೆ ಹೊಡೆದು ಎದ್ದರು.

ಹುಸೇನಪೀರ: ವಾಹ್ ಸಾಬ್! ನಡಾ ನೋವು ಪೂರಾ ಹೋತು. ಎಷ್ಟು ಕ್ಯಾಂಪ್ ನೋಡೀನಿ, ಮಲಗಿಸಿ ಕಳಿಸಿದ್ದು ಇದೊಂದ. ಮುಂದಿಂದು ಪೋತ್ನಾಳದಾಗ ಹಾಕ್ರಿ.

ಆಗಲೇ ನನಗೆ ನೆನಪಾದದ್ದು. ಮಕ್ಕಳೆಲ್ಲಿ?

ಟೆಂಟಿನಲ್ಲಿಲ್ಲ. ಬಂಡಿಯ ಹತ್ತಿರವಿಲ್ಲ. ಮಣ್ಣು ಮೆತ್ತಿದ ಬೂಟು ಹಾಕಿಕೊಂಡು ಓಡಲು ಬರಲಿಲ್ಲ. ಕಿತ್ತೆಸೆದು ಬರಿಗಾಲಲ್ಲಿ ಓಡಿದೆ. ಹತ್ತಿಕಟ್ಟಿಗೆಯ ಬಣವೆಯ ಹಿಂದೆ ನಗು ಕೇಳಿಸಿತು. ನಾಲ್ಕು ಕಟ್ಟಿಗೆ ನೆಟ್ಟು, ಮೇಲೆ ಅಜ್ಜಿಯ ಹಳೆಯ ಸೀರೆ ಹೊದಿಸಿ, ಅದರೊಳಗೆ ಇಬ್ಬರೂ ಕುಳಿತಿದ್ದರು. ಮೊಣಕಾಲ ತನಕ ಕೆಸರು. ಕೂದಲ ತುಂಬ ಹತ್ತಿ. ಚಿನ್ನಿಯ ಕೈಯಲ್ಲಿ ಅರ್ಧ ರೊಟ್ಟಿ, ಇನ್ನರ್ಧ ಇರುವೆಗಳಿಗೆ. ಹತ್ತು ಹೆಜ್ಜೆ ದೂರದಲ್ಲಿ ಅತ್ತೆ ಅವರ ಮೇಲೊಂದು ಕಣ್ಣಿಟ್ಟು ಹತ್ತಿ ಬಿಡಿಸುತ್ತಿದ್ದರು. ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು.

ನಾನು: ಕಾವ್ಯಾ, ನಾನೂ ಒಳಗ ಬರಲೇನು?

ಕಾವ್ಯಾ: ಜಾಗಾ ಇಲ್ಲ ಪಪ್ಪಾ. ಹೊರಗ ಕುಂದ್ರು.

ಹೊರಗೆ ಕುಳಿತೆ. ಐದು ನಿಮಿಷವಾಗಿರಲಿಲ್ಲ, ‘ರೀ, ಇನ್ನೂ ಮೂರು ಮಂದಿ ಅದಾರ, ಹೆಸರು ಬರೀರಿ’ ಎಂಬ ಕೂಗು ಬಂತು. ಅತ್ತೆಯ ದನಿ ಸ್ವಪ್ನಾಳಿಗೂ ಚೆನ್ನಾಗಿಯೇ ಬಂದಿದೆ.

ಸಂಜೆ ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಮೂಟೆಗಳ ನಡುವೆ ನಿಂತಿದ್ದೆವು. ಸಾಮಾನು ಕಟ್ಟುವಾಗ ಹಂಗಿಸಿದ ಸ್ವಪ್ನಾಳ ಮುಖ ಅರಳಿತ್ತು. ಊರಿನವರೆಲ್ಲ ಅವಳನ್ನು ಹರಸಿ ಕಳಿಸಿದ್ದರು. ನನ್ನನ್ನು ಹರಸಿದವರು ಹುಸೇನಪೀರ ಒಬ್ಬರೇ.

ಸ್ವಪ್ನಾ: ನೀವು ಏನ ಅನ್ರಿ, ಕ್ಯಾಂಪ್ ಚೊಲೋ ಆತು.

ನಾನು: ಮಕ್ಕಳು ಟೆಂಟಿನಾಗ ಒಂದು ನಿಮಿಷ ಕುಂದ್ರಲಿಲ್ಲ.

ಕಾವ್ಯಾ ನನ್ನ ಬೆರಳು ಹಿಡಿದು ಎಳೆದಳು.

ಕಾವ್ಯಾ: ಪಪ್ಪಾ, ಬರೋ ಐತಾರ ನಾ ಅಜ್ಜಿ ಕೂಡ ಹೊಲಕ್ಕ ಹೋಗ್ತೀನಿ. ನೀನೂ ಬರ್ತಿಯೇನು?

ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಮೂರು ಭಾನುವಾರ ಮಾತು ತಪ್ಪಿದವನನ್ನು ಮಗಳೇ ಕರೆಯುತ್ತಿದ್ದಾಳೆ.

ನಾನು: ಬರ್ತೀನವ್ವಾ, ಖರೇನ ಬರ್ತೀನಿ! ಏನೇನು ತರಲಿ ಹೇಳು.

ಅವಳು ಟೆಂಟಿನ ಮೂಟೆ ನೋಡಿದಳು. ಗ್ಯಾಸ್ ಒಲೆಯ ಚೀಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಕಾವ್ಯಾ: ಏನೂ ತರಬ್ಯಾಡ. ತಂದ್ರ ಮತ್ತ ನೀ ಒಬ್ಬನ ಅದರ ಕೂಡ ಆಡ್ಕೋತ ಕುಂದ್ರತಿ.