ಮಾವನ ಮುಂಜಾನೆಯ ಮಾತು, ಸಂಜೆಯ ಮಾತು

ಕುಕನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ ಕೇಳಿ ನೋಡಿ. ನಮ್ಮ ಗಿರಣಿ ಮಾವನ ಬಗ್ಗೆ ಎಲ್ಲರದೂ ಒಂದೇ ವರದಿ: "ಭಾಳ ಖಡಕ್ ಮನಶ್ಯಾ ರೀ. ಒಂದ ಸಲ ಮಾತು ಹಿಡದಾ ಅಂದ್ರ ಬಿಡಂಗಿಲ್ಲ."

ನಾನು ಇದನ್ನು ಸಾರಾಸಗಟಾಗಿ ಅಲ್ಲಗಳೆಯುತ್ತೇನೆ. ಮಾತು ಹಿಡಿಯಬೇಕಾದರೆ ಮೊದಲು ಮಾತು ಅಂತ ಒಂದು ಇರಬೇಕಲ್ಲ? ಒಂದು ವರ್ಷದಿಂದೀಚೆಗೆ ನಮ್ಮ ಮಾವನಿಗೆ ದಿನಕ್ಕೆ ಎರಡಿರುತ್ತವೆ. ಮುಂಜಾನೆಯದೊಂದು, ಸಂಜೆಯದೊಂದು. ಅವೆರಡನ್ನೂ ಒಂದೇ ಕೋಣೆಯಲ್ಲಿ ಬಿಟ್ಟರೆ ಒಂದನ್ನೊಂದು ಕಚ್ಚಿ ಸಾಯುತ್ತವೆ! ಜೋಳ ಬೀಸಿಸಲು ಬಂದವರು ಮುಂಜಾನೆಯದನ್ನಷ್ಟೇ ಕೇಳಿ ಹೋಗುತ್ತಾರೆ. ಸಂಜೆ ಓಣಿಯಲ್ಲಿ ಹಾಯುವವರು ಸಂಜೆಯದನ್ನಷ್ಟೇ ಕೇಳುತ್ತಾರೆ. ಹೀಗಾಗಿ ಮಾವ ಖಡಕ್. ಎರಡನ್ನೂ ಕೇಳುವ ದೌರ್ಭಾಗ್ಯ ಅತ್ತೆಯದು, ರಜೆಗೆ ಹೋದಾಗ ನನ್ನದು.

ನಾನು ಚರ್ಚಾಸ್ಪರ್ಧೆಯ ಹುಡುಗಿ. ಕೊಪ್ಪಳದ ಕಾಲೇಜಿನಿಂದ ಹೊರಟು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ಎಲ್ಲಿ ಮೈಕು ಇಟ್ಟರೂ ಹೋಗಿ ಮಾತಾಡಿ ಬಂದವಳು. ನಮ್ಮಲ್ಲಿ ನಿಯಮವಿದೆ. ಚೀಟಿ ಎತ್ತಿದಾಗ ಬಂದ ಪಕ್ಷವನ್ನು ಗಂಟೆ ಬಾರಿಸುವವರೆಗೆ ಬಿಡುವಂತಿಲ್ಲ. ನಡುವೆ ಪಕ್ಷ ಬದಲಿಸಿದರೆ ತೀರ್ಪುಗಾರರು ಮನೆಗೆ ಕಳಿಸುತ್ತಾರೆ. (ವಿಧಾನಸಭೆಗೆ ಈ ನಿಯಮ ಅನ್ವಯಿಸುವುದಿಲ್ಲ, ಆ ಮಾತು ಬೇರೆ.) ಇಂಥ ಶಿಸ್ತಿನಲ್ಲಿ ಬೆಳೆದವಳಿಗೆ ಇಂಥ ಸೋದರಮಾವ! ಇದು ಯಾವ ನ್ಯಾಯ?

ಮುಂಜಾನೆಯ ಮಾತು ನಡೆಯುವುದು ಗಿರಣಿಯಲ್ಲಿ. ಅಲ್ಲಿ ಕಲ್ಲು ತಿರುಗುವ ಸದ್ದಿಗೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಮಾವ ಆ ಸದ್ದಿನ ಮೇಲೂ ಒಂದು ಅಂತಸ್ತು ಕಟ್ಟಿ ಮಾತಾಡುತ್ತಾರೆ. ಮಹತ್ವದ ವಿಚಾರ ಬಂದರೆ ಗಿರಣಿಯನ್ನೇ ಬಂದ್ ಮಾಡುತ್ತಾರೆ. ದಿನಕ್ಕೆಷ್ಟು ಮಹತ್ವದ ವಿಚಾರಗಳು ಬರುತ್ತವೆ ಎಂಬುದನ್ನು ಊರಿನ ರೊಟ್ಟಿಗಳೇ ಹೇಳಬೇಕು. ಒಮ್ಮೆ ಒಬ್ಬಾಕೆ ಡಬ್ಬಿ ತೆರೆದು ತೋರಿಸಿದಳು:

"ಏನ್ರಿ ಇದು? ಅರ್ಧ ಹಿಟ್ಟು, ಅರ್ಧ ನುಚ್ಚು. ರೊಟ್ಟಿ ಬಡೀಲೋ, ಸಂಗಟಿ ಮಾಡ್ಲೋ?"

"ಯವ್ವಾ, ದೇಶದ ವಿಚಾರ ಮಾತಾಡೂ ಮುಂದ ನಿಂದೊಂದು ರೊಟ್ಟಿ ಚಿಂತಿ!"

"ದೇಶ ನನ್ನ ಅತ್ತಿ ಮುಂದ ಬಂದು ಉತ್ತರ ಕೊಡತೈತೇನ್ರಿ?"

ಆ ಹೆಂಗಸು ಚರ್ಚಾಸ್ಪರ್ಧೆಗೆ ಬರದೆ ಇರುವುದು ನನ್ನ ಪುಣ್ಯ.

ಈಗ ವಾರ್ಡಿನ ಚುನಾವಣೆಯ ಕಥೆ ಕೇಳಿ. ಹಳೆಯ ಮೆಂಬರರು ಒಂದು ಕಡೆ, ಹೊಸ ಹುಡುಗ ಇನ್ನೊಂದು ಕಡೆ. ಮುಂಜಾನೆ ಗಿರಣಿಯಲ್ಲಿ ಮಾವನ ಘೋಷಣೆ: "ಹಳೇ ಮೆಂಬರನ ಬರಬೇಕು! ಅಂವಗ ನಮ್ಮ ಓಣಿ ಗಟಾರ ಎಲ್ಲೈತಿ ಅಂತರ ಗೊತ್ತೈತಿ. ಖುದ್ದ ಅದರಾಗ ಬಿದ್ದಾನ. ಹೊಸಬಗ ಏನ ಗೊತ್ತೈತಿ?" ಎಂಥ ತರ್ಕ! ಅದನ್ನು ನಾನು ನುಂಗಿ ನೀರು ಕುಡಿಯುವಷ್ಟರಲ್ಲಿ ಸಂಜೆಯಾಯಿತು. ಸಂಜೆ ಅದೇ ಬಾಯಿ: "ಬಿದ್ದಾಂವ ಎದ್ದು ಮನಿಗೆ ಹೋದಾ. ಗಟಾರ ಅಲ್ಲೇ ಐತಿ! ಹೊಸ ಹುಡುಗ ಬರ್ಲಿ." ಹಳೆಯ ಮೆಂಬರರು ಮುಂಜಾನೆ ಬಂದು ಕೈ ಮುಗಿದು ಹೋದರು. ಹೊಸ ಹುಡುಗ ಸಂಜೆ ಬಂದು ಕಾಲು ಮುಟ್ಟಿ ಹೋದ. ಇಬ್ಬರೂ ಈ ಮನೆ ನಮ್ಮದೇ ಎಂದು ನಂಬಿ ನೆಮ್ಮದಿಯಾಗಿ ಮಲಗಿದರು. ಮಾವ ಯಾರಿಗೆ ಓಟು ಹಾಕಿದರೋ ಮತಯಂತ್ರಕ್ಕೇ ಗೊತ್ತು. ಅದಕ್ಕೂ ಖಾತ್ರಿ ಇರಲಿಕ್ಕಿಲ್ಲ.

ಈ ಸಂಜೆಯ ಮಾತು ಎಲ್ಲಿ ನಡೆಯುತ್ತದೆ ಎಂದು ಹೇಳಲಿಲ್ಲ, ಅಲ್ಲವೇ? ಗಿರಣಿಯ ಎದುರಿಗೆ ಟೇಲರ್ ಚಾಚಾನ ಮನೆ. ಮಾವನ ಬಾಯಲ್ಲಿ ಅವರು "ಮಾಸ್ತರ". ಮುಂದಿನ ಕೋಣೆಯೇ ಅವರ ಅಂಗಡಿಯಾಗಿತ್ತು. ನಾನು ಹುಟ್ಟುವ ಮೊದಲಿನಿಂದ ಇವರಿಬ್ಬರ ವಾದ ನಡೆದಿದೆ. ಮಾವ ಹೌದು ಅಂದರೆ ಚಾಚಾ ಅಲ್ಲ. ಮಾವ ಅಲ್ಲ ಅಂದರೆ ಚಾಚಾನಿಗೆ ತಕ್ಷಣ ಹೌದು ಅನಿಸುತ್ತಿತ್ತು. "ಅರೇ ಜಾ ರೇ ಸಾವಕಾರ!" ಎಂದು ಶುರು ಮಾಡುತ್ತಿದ್ದರು. ಇದ್ದದ್ದೊಂದು ಗಿರಣಿ, ಅದರ ಒಡೆಯನಿಗೆ ಸಾವಕಾರ ಅನ್ನುವುದರಲ್ಲೇ ಅರ್ಧ ಏಟು ಬಿದ್ದಿರುತ್ತಿತ್ತು. ಕೊನೆಗೆ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ ಕಚಕ್ ಅನಿಸಿದರೆ ಮಾವನ ವಾದ ತುಂಡಾಗಿ ಬಿತ್ತು ಅಂತ ಅರ್ಥ. ರಮಜಾನಿನ ಸುರಕುಂಬಾ ಪಾಯಸ ಆಚೆಯಿಂದ ಈಚೆಗೆ, ಪಂಚಮಿಯ ಉಂಡಿ ಈಚೆಯಿಂದ ಆಚೆಗೆ ಹೋಗುತ್ತಿದ್ದವು. ಜಗಳದ ನಡುವೆಯೇ ಹೋಗುತ್ತಿದ್ದವು, ಜಗಳಕ್ಕೆ ಒಂದಿಷ್ಟೂ ಅಡ್ಡಿ ಮಾಡದೆ.

ಹೋದ ವರ್ಷ ಚಾಚಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಏನೂ ಬರುವುದಿಲ್ಲ. ಹೊಲಿಗೆ ಮಷೀನು ಮೂಲೆಗೆ ಸರಿಯಿತು, ಅದರ ಜಾಗಕ್ಕೆ ಮಂಚ ಬಂತು. ಮಾವನ ಸಂಜೆ ಮಾತ್ರ ಸರಿಯಲಿಲ್ಲ. ಗಿರಣಿ ಮುಚ್ಚಿ ಹೋಗುತ್ತಾರೆ, ಆ ಮಂಚದ ಪಕ್ಕ ಕೂತು ಓಣಿಗೆಲ್ಲ ಕೇಳುವಂತೆ ಒದರುತ್ತಾರೆ, ಊಟಕ್ಕೆ ಬರುತ್ತಾರೆ.

ಈ ದಸರೆಗೆ ನಾನು ಹೋದಾಗ ಚಾಚಾನ ಸೊಸೆ ಅತ್ತೆಯ ಮುಂದೆ ಕೂತಿದ್ದಳು.

"ಅಮ್ಮಾರ, ಕಾಕಾಗ ನೀವರ ಹೇಳ್ರಿ. ಡಾಕ್ಟರ್ರು ಶಾಂತ ಇಡ್ರಿ ಅಂದಾರ. ಇವರು ಬಂದು ಒದರಿದ ಕೂಡ್ಲೆ ನಮ್ಮ ಮಾವಾರ ಮಾರಿ ಕೆಂಪಗಾಗತೈತಿ, ಬಿಪಿ ಏರತೈತಿ. ನಾಳೆ ಏನರ ಆದ್ರ?"

ಅವಳದ್ದು ತಪ್ಪೆನ್ನಲು ಯಾರಿಗೆ ಸಾಧ್ಯ? ಮಾವನ ದನಿಗೆ ಗಟ್ಟಿಮುಟ್ಟಾದ ನನ್ನ ಬಿಪಿಯೇ ಏರುತ್ತದೆ!

ಅತ್ತೆ ನನ್ನತ್ತ ತಿರುಗಿದರು. "ಊರೂರು ತಿರುಗಿ ಕಪ್ ತಂದೀಯಲ್ಲ. ನಿನ್ನ ಮಾವನ ಬಾಯಿ ಒಂದ ಮುಚ್ಚಿಸು ನೋಡೂಣು. ಆಮ್ಯಾಲ ನಿನ್ನ ಕಪ್ಪಿಗೆ ನಾ ಕುಂಕುಮ ಹಚ್ತೀನಿ."

ಸವಾಲು ಒಪ್ಪಿಕೊಂಡೆ. ವಿಷಯ: ಮಾವ ಚಾಚಾನ ಮನೆಗೆ ಹೋಗುವುದನ್ನು ನಿಲ್ಲಿಸಬೇಕು. ನಾನು ಪರ. ಬನ್ನಿ ಹಬ್ಬದ ಸಂಜೆ ಅಲ್ಲಿಯೇ, ಸೊಸೆಯ ಎದುರಿಗೇ ಮಂಡಿಸುವುದು ಎಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ಎದುರಾಳಿಯನ್ನು ಅಭ್ಯಾಸ ಮಾಡಬೇಕಲ್ಲ? ಮಾಡಿದೆ. ತಲೆ ಕೆಟ್ಟುಹೋಯಿತು.

ಗಿರಣಿಯ ಗೋಡೆಗೆ ಯಾರೋ ಹೊಸ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಗಡ್ಡ, ಕೊಡಲಿ, ಹೊಗೆ. ಮುಂಜಾನೆ ಮಾವ: "ಹೀರೋ ಅಂದ್ರ ಇಂವ! ಹಿಂದಿನ ಹೀರೋಗಳು ಗಿಡ ಸುತ್ತೂದ್ರಾಗ ಮುದುಕ ಆದ್ರು." ಸಂಜೆ ಓಣಿಯಲ್ಲಿ ಹಾಯುವಾಗ ಚಾಚಾನ ಕಿಟಕಿಯಿಂದ ಕಿವಿಗೆ ಬಿದ್ದದ್ದು ಇಷ್ಟು: "ಗಡ್ಡ ಬಿಟ್ಟಾಂವೆಲ್ಲಾ ಹೀರೋ ಆದ್ರ ನನ್ನ ಗಿರಣಿಗೆ ಬರೂ ಮುದುಕರೆಲ್ಲಾ ಹೀರೋನ!" ಸಿನಿಮಾ ನೋಡಿದ್ದಾರಾ? ಎರಡೂ ಹೊತ್ತು ನೋಡಿಲ್ಲ!

ಮರುದಿನ ಅತ್ತೆಯ ಸೀರಿಯಲ್ಲಿಗೇ ಕೈ ಹಾಕಿದರು. ಮುಂಜಾನೆ ಚಹಾದ ಹೊತ್ತಿಗೆ "ಆ ಸೊಸಿ ಭಾಳ ಛಲೋ ಹುಡುಗಿ, ಅತ್ತಿನ ಖೊಟ್ಟಿ" ಎಂದರು. ಅತ್ತೆಗೆ ಆನಂದವಾಗಿ ಇನ್ನೊಂದು ಕಪ್ ಚಹಾ ಕೊಟ್ಟರು. ರಾತ್ರಿ ಊಟಕ್ಕೆ ಕೂತಾಗ "ಆ ಸೊಸಿ ಸುಮ್ನ ಇದ್ದಿದ್ರ ಆ ಮನಿ ಎಂದೋ ಉದ್ಧಾರ ಆಗತಿತ್ತು" ಎಂದರು. ಅತ್ತೆ ಪಲ್ಯದ ಸೌಟನ್ನು ತಟ್ಟೆಯ ಮೇಲೆ ತಂದವರು ಹಾಗೇ ಹಿಂದಕ್ಕೆ ಒಯ್ದರು. "ಮುಂಜಾನೆ ಕುಡದ ಚಾ ಹೊಳ್ಳಿ ಕೊಡ್ರಿ" ಅಂದರು.

ಇನ್ನು ಹಬ್ಬದ ದಿನ. ಬನ್ನಿ ಹಬ್ಬದ ಬಗ್ಗೆ ನನಗೆ ನನ್ನದೇ ತಕರಾರಿದೆ. ಗಿಡದ ಎಲೆ ಕಿತ್ತು ಕೈಯಲ್ಲಿಟ್ಟು ಬಂಗಾರ ಅನ್ನುವುದು, ವರ್ಷವಿಡೀ ಮುಖ ನೋಡದವರು ಅವತ್ತು ಒಂದು ದಿನ "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅನ್ನುವುದು, ಮರುದಿನ ಅದೇ ಹೊಲದ ಬಾಂದಿನ ಜಗಳ. ಯಾರನ್ನು ನಂಬಿಸಲು ಈ ನಾಟಕ? ಮುಂಜಾನೆ ಗಿರಣಿಯಲ್ಲಿ ಇದನ್ನು ಹೇಳಿದೆ. ಮಾವ ಗಿರಣಿ ಬಂದ್ ಮಾಡಿದರು!

"ಖರೆ ಹೇಳಿದಿ! ಎಲಿ ಎಂದರ ಬಂಗಾರ ಆಗತೈತೇನು? ಒಯ್ದು ಪತ್ತಾರನ ಮುಂದ ಇಡ್ರಿ, ತೂಗ್ತಾನೇನು? ಮನಸಿನಾಗ ಇದ್ರ ದಿನಾ ಮಾತಾಡ್ರಿ. ಎಲಿ ಯಾಕ ಬೇಕು?"

ಗಿರಾಕಿಗಳು ದಂಗಾದರು. ಒಬ್ಬ ಅಜ್ಜ "ಹಿರೇರು ಮಾಡಿದ್ದು ತಪ್ಪೇನಪಾ ಹಂಗಾರ?" ಎಂದು ಸಿಟ್ಟಿಗೆದ್ದ. ಮಾವ ಅವನಿಗೂ ಉತ್ತರ ಕೊಟ್ಟರು, ಅವನ ಪಕ್ಕದವನಿಗೂ ಕೊಟ್ಟರು. ನಾನು ಹಿಗ್ಗಿದೆ. ಕೊನೆಗೂ ಮಾವ ನನ್ನ ಪಕ್ಷಕ್ಕೆ ಬಂದರು! ಸಂಜೆ ನೋಡಿದರೆ ತೊಳೆದ ಧೋತರ, ಇಸ್ತ್ರಿ ಅಂಗಿ, ಜೇಬಿನ ತುಂಬ ಬನ್ನಿ. ನಾನು ಹಲ್ಲು ಕಚ್ಚಿಕೊಂಡು ಹಿಂದೆ ನಡೆದೆ.

ಚಾಚಾ ದಿಂಬಿಗೆ ಒರಗಿ ಕೂತಿದ್ದರು. ಸೊಸೆ ಚಹಾ ತಂದಿಟ್ಟು ನನಗೆ ಕಣ್ಣಲ್ಲೇ "ಹೇಳು" ಎಂದಳು. ಮಾವ ಚಾಚಾನ ಎಡಗೈಯಲ್ಲಿ ಬನ್ನಿ ಇಟ್ಟು ಬೆರಳು ಮಡಚಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣಪಾ ಮಾಸ್ತರ." ಆಮೇಲೆ ಗಂಟಲು ಸರಿಮಾಡಿಕೊಂಡು, ದನಿಯನ್ನು ಸ್ವಲ್ಪ ಮೂಗಿಗೆ ಏರಿಸಿ, ಒಮ್ಮೆಲೆ:

"ಅರೇ ಜಾ ರೇ ಸಾವಕಾರ! ಎಲಿ ಎಂದರ ಬಂಗಾರ ಆಗತೈತೇನು? ಪತ್ತಾರನ ಮುಂದ ಇಟ್ರ ತೂಗ್ತಾನೇನು?"

ನಾನು ಬೆಚ್ಚಿದೆ. ಅದು ಚಾಚಾನ ದನಿ. ಅದೇ ಏರು, ಅದೇ ಎಳೆತ. ಮಾತು ಮಾತ್ರ ಮುಂಜಾನೆ ಗಿರಣಿಯಲ್ಲಿ ಆಡಿದ್ದು!

ಮರುಕ್ಷಣ ಮಾವ ತಮ್ಮ ದನಿಗೆ ಇಳಿದು ಉತ್ತರ ಕೊಟ್ಟರು: "ತೂಗೂದಿಲ್ಲ, ಒಪ್ಪಿದೆ. ಆದ್ರ ಖರೆ ಬಂಗಾರ ಕೊಟ್ರ ನೀ ಹೊಳ್ಳಿ ಕೊಡತಿದ್ದಿಲ್ಲ ಮಗನ!" ಮತ್ತೆ ಚಾಚಾ ಆದರು. ಮತ್ತೆ ಮಾವ ಆದರು. ಅಜ್ಜನ ಆಕ್ಷೇಪಣೆಗೆ ಮುಂಜಾನೆ ಕೊಟ್ಟ ಉತ್ತರವೂ ಬಂತು, ಪಕ್ಕದವನಿಗೆ ಕೊಟ್ಟದ್ದೂ ಬಂತು. ಎಲ್ಲವೂ ಚಾಚಾನ ಬಾಯಿಂದ!

"ಮಾವ, ಮುಂಜಾನೆ ಗಿರಣ್ಯಾಗ ಒದರೂದೆಲ್ಲಾ ಇದಕ್ಕೇನು?"

"ಮತ್ತೇನು? ಅವನ ಕಡಿ ಮಾತು ಗಟ್ಟಿ ಐತೋ ಇಲ್ಲೋ ನಾಕ ಮಂದ್ಯಾಗ ಇಟ್ಟು ನೋಡಬೇಕಲ್ಲವಾ. ಹಗರ ಮಾತು ತಂದ್ರ ಇಂವ ಒಪ್ಪಂಗಿಲ್ಲ. ಮೊನ್ನೆ ಸಿನಿಮಾದ್ದು ಸ್ವಲ್ಪ ಸಡಿಲ ಆತು, ಎಡಗೈ ಎತ್ತಿ ಮಂಚಕ್ಕ ಹೊಡದಾ!"

"ಅದು ಸಿಟ್ಟಿಗೆ ಕಾಕಾ!" ಎಂದಳು ಸೊಸೆ. "ಮಾರಿ ಕೆಂಪ ಆಗಿತ್ತು. ನಾ ಹೆದರಿ ಸತ್ತೆ."

"ಸಿಟ್ಟಿಗೇ ಯವ್ವಾ. ಮೊದಲೂ ಅಷ್ಟ ಕೆಂಪ ಆಗತಿದ್ದಾ."

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಹೆದರಿಕೆ ಸುಳ್ಳಲ್ಲ. ಹೇಳಲೇಬೇಕಾಗಿತ್ತು, ಹೇಳಿದೆ. ಡಾಕ್ಟರರು ಅಂದದ್ದು, ಬಿಪಿ, ನಾಳೆಯಿಂದ ಬರುವುದು ಬೇಡ ಅನ್ನುವ ಈ ಮನೆಯವರ ಮಾತು, ಎಲ್ಲವನ್ನೂ.

ಗಿರಣಿ ತಾನಾಗಿಯೇ ನಿಂತಂತಾಯಿತು. ಮಾವ ಧೋತರ ಸರಿಮಾಡಿಕೊಂಡು, ಚಾಚಾನ ಕಡೆ ತಿರುಗಿ ಕೂತರು.

"ಆತು ಮಾಸ್ತರ. ಇವತ್ತಿಂದು ಇದ ವಿಷಯ. ಗಿರಣಿಯಾಂವ ನಾಳಿಂದ ಬರಬೇಕೋ, ಬರಬಾರದೋ. ನಾ ಬರಬೇಕು ಅಂತೀನಿ. ಅಂದಮ್ಯಾಲ ನೀ ಬರಬ್ಯಾಡ ಅಂತೀ."

ಗಂಟಲು ಸರಿಮಾಡಿಕೊಂಡರು. "ಅರೇ ಜಾ..." ಎಂದರು. ಮುಂದಕ್ಕೆ ಹೋಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ದನಿ ಮೂಗಿಗೆ ಏರಲೇ ಇಲ್ಲ.

"ಇದೊಂದು ನನ್ನ ಕೈಲೆ ಆಗೂದಿಲ್ಲವಾ," ಎಂದರು ನನಗೆ. "ಕಪ್ ಗೆದ್ದಾಕಿ ನೀ. ಇವತ್ತ ಅವನ ಕಡಿಂದ ನೀ ಮಾತಾಡು. ಗಟ್ಟಿಯಾಗಿ ಮಾತಾಡು, ಹಗರ ಮಾಡಬ್ಯಾಡ."

ಅದೇ ಪಕ್ಷವನ್ನು ನಾನು ಎರಡು ದಿನದಿಂದ ತಯಾರು ಮಾಡಿಕೊಂಡು ಬಂದಿದ್ದೆ. ಒಂದೊಂದು ವಾಕ್ಯವೂ ನಾಲಿಗೆಯ ತುದಿಯಲ್ಲಿತ್ತು. ಎದ್ದು ನಿಂತೆ ಕೂಡ. ಚಾಚಾ ನನ್ನನ್ನೇ ನೋಡುತ್ತಿದ್ದರು. ಅವರ ಮುಖ ಕೆಂಪೇರುತ್ತಿತ್ತು. ಎಡಗೈ ಬನ್ನಿಯನ್ನು ಬಿಗಿಯಾಗಿ ಹಿಡಿದಿತ್ತು. ತಯಾರಿಯನ್ನೆಲ್ಲ ಅಲ್ಲಿಯೇ ಬಿಟ್ಟೆ. ಮಂಚದ ಹತ್ತಿರ ಹೋಗಿ ಬಗ್ಗಿದೆ.

"ಚಾಚಾ, ನಿಮ್ಮ ಕಡಿ ಮಾತು ನಮಗ್ಯಾರಿಗೂ ಬರವಲ್ದು. ನೀವ ಹೇಳ್ರಿ, ನಾಳೆ ಮಾವ ಬರಬೇಕೋ, ಬ್ಯಾಡೋ?"

ಚಾಚಾನ ಎಡಗೈ ಬನ್ನಿಯ ಸಮೇತ ಎದ್ದು ಮಾವನ ಇಸ್ತ್ರಿ ಅಂಗಿಯ ತೋಳನ್ನು ಹಿಡಿಯಿತು, ಬಿಡಲಿಲ್ಲ.